ಉಪೇಂದ್ರರ ಕಾರ್ ಶೆಡ್ಡಿಗೆ ಕರೆಂಟು ಬಂದದ್ದು

ಪೀಣ್ಯದ ಹಿಂಭಾಗದಲ್ಲಿರುವ ನಮ್ಮ ಕಾರ್ಖಾನೆ ನೌಕರರ ಬಡಾವಣೆಯಲ್ಲಿ ಆಗ ನಲವತ್ತೆರಡು ಮನೆಗಳಿದ್ದವು, ಹನ್ನೊಂದು ಕಾರ್ ಶೆಡ್ಡುಗಳಿದ್ದವು, ಕಾರು ಮಾತ್ರ ಒಂದೂ ಇರಲಿಲ್ಲ. ಸೊಸೈಟಿಯವರು ಕೊಟ್ಟ ಪ್ಲಾನಿನಲ್ಲಿ ಮನೆಯ ಪಕ್ಕಕ್ಕೊಂದು ಚೌಕ ಎಳೆದು ‘ಕಾರ್ ಶೆಡ್’ ಎಂದು ಬರೆದಿತ್ತು. ಬರೆದಿದೆಯಲ್ಲ ಎಂದು ಹನ್ನೊಂದು ಜನ ಕಟ್ಟಿಸಿಬಿಟ್ಟರು. ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ ಮಾಡುವವರಿಗೆ ಕಾಗದದ ಮೇಲೆ ಬರೆದದ್ದರಲ್ಲಿ ಬಹಳ ಭಕ್ತಿ. ಒಬ್ಬರ ಶೆಡ್ಡಿನಲ್ಲಿ ಹಸು ಇತ್ತು. ಒಬ್ಬರದರಲ್ಲಿ ಅತ್ತೆ ಇದ್ದರು. ಉಪೇಂದ್ರರ ಶೆಡ್ಡಿನಲ್ಲಿ ಹಳೆಯ ಸ್ಕೂಟರು, ಮಕ್ಕಳ ತೊಟ್ಟಿಲು, ತೆಂಗಿನ ಚಿಪ್ಪಿನ ಮೂಟೆ, ಮತ್ತು ಮನೆಯಲ್ಲಿ ಮಾತಿಗೆ ಮಾತು ಬೆಳೆದ ದಿನ ಸ್ವತಃ ಉಪೇಂದ್ರರು ಇರುತ್ತಿದ್ದರು.

ಉಪೇಂದ್ರರು ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತರು. ಇಪ್ಪತ್ತೆರಡು ವರ್ಷಗಳಿಂದ ಒಂದೇ ಕಿಟಕಿಯ ಹಿಂದೆ ಕೂತು ವೈರು, ಸ್ವಿಚ್ಚು, ಫ್ಯೂಸು, ಬಲ್ಬುಗಳನ್ನು ಎಲೆಕ್ಟ್ರಿಷಿಯನ್ನರಿಗೆ ಕೊಡುತ್ತ ಬಂದವರು. ಯಾವ ವೈರಿನೊಳಗೆ ಎಷ್ಟು ಎಳೆ ತಾಮ್ರವಿದೆ ಎಂದು ಕಣ್ಣುಮುಚ್ಚಿ ಮುಟ್ಟಿ ಹೇಳಬಲ್ಲರು. ಆ ವೈರನ್ನು ಎಲ್ಲಿಗೆ ಸಿಕ್ಕಿಸಬೇಕು ಎಂಬುದು ಕಿಟಕಿಯ ಆಚೆಗಿನ ವಿಷಯವಾದ್ದರಿಂದ ಅದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ.

ತೊಂಬತ್ತಮೂರನೆಯ ಇಸವಿಯ ಅಕ್ಟೋಬರಿನಲ್ಲಿ ಬಡಾವಣೆಯ ಸಂಘದ ಸಭೆ ನಡೆಯಿತು. ನವೆಂಬರ್ ಒಂದರ ರಾಜ್ಯೋತ್ಸವಕ್ಕೆ ಪ್ರತಿವರ್ಷ ಬಾವುಟ ಹಾರಿಸಿ, ಭಾಷಣ ಮಾಡಿ, ಕ್ಯಾಂಟೀನಿನಿಂದ ತಂದ ಉಪ್ಪಿಟ್ಟು ತಿನ್ನುವುದು ನಮ್ಮ ಪದ್ಧತಿ. ಆ ಉಪ್ಪಿಟ್ಟಿನ ಬಗ್ಗೆ ಪ್ರತಿವರ್ಷ ನವೆಂಬರ್ ಎರಡರಂದು ಜಗಳವಾಗುವುದೂ ಪದ್ಧತಿ. ಸಂಘದ ಕಾರ್ಯದರ್ಶಿ ಇರಣ್ಣ, ಗದಗಿನ ಕಡೆಯವರು, ಫೋರ್‌ಮನ್. ಎದ್ದುನಿಂತು, "ಈ ಸಲ ತಿಂಡಿಗೆ ಏನ್ ಮಾಡೂಣ್ರಿ?" ಎಂದು ಕೇಳಿದರು. ಆಗ ಕೊನೆಯ ಸಾಲಿನಿಂದ ಒಂದು ಹೆಣ್ಣುದನಿ ಬಂತು.

"ದೋಸೆ ಮಾಡಬಹುದಲ್ಲ. ಹಿಟ್ಟು ನಾನು ಕೊಡ್ತೀನಿ."

ಎಲ್ಲರೂ ತಿರುಗಿ ನೋಡಿದರೆ ಉಪೇಂದ್ರರ ಹೆಂಡತಿ ಅಮ್ಮಣ್ಣಿ. ಒಂಬತ್ತು ವರ್ಷದ ಸಭೆಗಳಲ್ಲಿ ಆಕೆ ಬಾಯಿ ಬಿಟ್ಟದ್ದು ಅದೇ ಮೊದಲು. ಉಪೇಂದ್ರರಂತೂ ಬೇರೆ ಯಾರೋ ಮಾತಾಡಿದರೇನೋ ಎಂದು ಹೆಂಡತಿಯ ಹಿಂದೆ ಬಗ್ಗಿ ನೋಡಿದರು.

ಅಮ್ಮಣ್ಣಿ ಇದನ್ನು ಸುಮ್ಮನೆ ಹೇಳಿರಲಿಲ್ಲ. ಸೀರೆಗೆ ಫಾಲ್ ಹೊಲಿದು ಹೊಲಿದು ಕೂಡಿಟ್ಟಿದ್ದರಲ್ಲಿ ಕೊಯಮತ್ತೂರಿನಿಂದ ಒಂದು ದೊಡ್ಡ ಗ್ರೈಂಡರ್ ತರಿಸಲು ಹೇಳಿಬಿಟ್ಟಿದ್ದರು. ಹೋಟೆಲಿನವರು ಇಟ್ಟುಕೊಳ್ಳುತ್ತಾರಲ್ಲ, ಕಲ್ಲಿನ ಪಾತ್ರೆಯನ್ನು ವಾಲಿಸಿ ಹಿಟ್ಟು ಸುರಿಯುವಂಥದ್ದು. ರಾಜ್ಯೋತ್ಸವದ ದಿನ ನಲವತ್ತೆರಡು ಮನೆಯವರೂ ಆ ಹಿಟ್ಟಿನ ದೋಸೆ ತಿಂದರೆ, ಮಾರನೆ ದಿನದಿಂದ ಪಾತ್ರೆ ಹಿಡಿದು ಬಂದೇ ಬರುತ್ತಾರೆ ಎಂಬುದು ಆಕೆಯ ಲೆಕ್ಕಾಚಾರ. ಗಂಡಸರು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಏನೇನೋ ಮಾಡುತ್ತಾರೆ. ತನ್ನದು ಅಂತ ಒಂದು ಇರಲಿ ಎಂದು ಎದುರುಮನೆಯ ರುದ್ರಮ್ಮನ ಹತ್ತಿರ ಒಮ್ಮೆ ಅಂದಿದ್ದರಂತೆ. ಬಡಾವಣೆಯ ಸುದ್ದಿಗಳಿಗೆ ರುದ್ರಮ್ಮನೇ ಹೆಡ್ಡಾಫೀಸು, ಹಾಗಾಗಿ ನಮಗೂ ಗೊತ್ತಾಯಿತು.

ಗ್ರೈಂಡರ್ ಅಡುಗೆಮನೆಯ ಬಾಗಿಲಲ್ಲಿ ತೂರುವುದಿಲ್ಲ. ಇಡುವುದಾದರೆ ಶೆಡ್ಡಿನಲ್ಲೇ ಇಡಬೇಕು. ಶೆಡ್ಡಿನಲ್ಲಿದ್ದ ವೈರಿಂಗೋ, ಗೃಹಪ್ರವೇಶದ ದಿನ ಸೀರಿಯಲ್ ಸೆಟ್ಟಿನ ಬಣ್ಣದ ದೀಪಗಳಿಗೆಂದು ಎಳೆದು, ಬಿಚ್ಚಲು ಮರೆತುಹೋಗಿದ್ದ ಒಂದು ತೆಳ್ಳನೆಯ ಜೋಡಿ ವೈರು. ಅದರ ತುದಿಯಲ್ಲಿ ನೇತಾಡುವ ಬಲ್ಬಿನ ಮೇಲೆ ಗುಬ್ಬಿಯೊಂದು ಗೂಡು ಕಟ್ಟುವ ಯೋಚನೆ ಮಾಡಿ, ಇದು ಭದ್ರವಲ್ಲ ಎಂದು ಬಿಟ್ಟುಹೋಗಿತ್ತು.

"ಪಾಪಯ್ಯಂಗೆ ಹೇಳ್ರೀ, ಬಂದು ಮಾಡಿಕೊಡ್ತಾರೆ," ಎಂದರು ಅಮ್ಮಣ್ಣಿ.

ಪಾಪಯ್ಯ ಕಾರ್ಖಾನೆಯ ಎಲೆಕ್ಟ್ರಿಷಿಯನ್. ಮನೆ ನಮ್ಮ ಬೀದಿಯ ಕೊನೆಯಲ್ಲಿ. ಆದರೆ ಅವರಿಗೂ ಉಪೇಂದ್ರರಿಗೂ ಸ್ಟೋರ್ಸಿನ ಕಿಟಕಿಯಲ್ಲಿ ಇಪ್ಪತ್ತು ವರ್ಷದ ಯುದ್ಧ. ಹಳೆಯ ಬಲ್ಬು ವಾಪಸು ತಂದುಕೊಡದೆ ಹೊಸ ಬಲ್ಬು ಕೊಡುವಂತಿಲ್ಲ ಎಂಬುದು ಸ್ಟೋರ್ಸಿನ ನಿಯಮ. ಒಮ್ಮೆ ಹಳೆಯದು ಬಿದ್ದು ಒಡೆದುಹೋಯಿತು ಎಂದು ಪಾಪಯ್ಯ ಅಂದಾಗ, ಹಾಗಾದರೆ ಚೂರು ತನ್ನಿ ಎಂದರು ಉಪೇಂದ್ರರು. ಪಾಪಯ್ಯ ಪೇಪರಿನಲ್ಲಿ ಚೂರು ಕಟ್ಟಿ ತಂದರು. ಉಪೇಂದ್ರರು ಕನ್ನಡಕ ಏರಿಸಿ, ಚೂರುಗಳನ್ನು ಮೇಜಿನ ಮೇಲೆ ಜೋಡಿಸಿ ನೋಡಿ, "ಒಳಗಿನ ತಂತಿ ಎಲ್ಲಿ?" ಎಂದು ಕೇಳಿದ್ದರು. ಇಷ್ಟಾದ ಮೇಲೆ ಪಾಪಯ್ಯನನ್ನು ಮನೆಗೆ ಕರೆದು ಕೆಲಸ ಮಾಡಿಸಿಕೊಳ್ಳುವುದು ಹೇಗೆ?

ಪಾಪಯ್ಯನೇ ಗೇಟಿನ ಹತ್ತಿರ ಬಂದು ಹೇಳಿದರು. "ಸಾರ್, ಅಕ್ಕ ಹೇಳಿದ್ರು. ಭಾನುವಾರ ಬಂದು ಹೊಸ ಲೈನ್ ಎಳೆದುಕೊಡ್ತೀನಿ. ಅರ್ಧ ದಿನದ ಕೆಲಸ."

"ನೀವು ಎಳೆಯೋ ವೈರನ್ನ ಇಪ್ಪತ್ತೆರಡು ವರ್ಷದಿಂದ ನಿಮ್ಮ ಕೈಗೆ ಕೊಡ್ತಿರೋನು ನಾನು ಕಣ್ರೀ ಪಾಪಯ್ಯ."

"ಕೊಡೋದು ಬೇರೆ, ಕಟ್ಟೋದು ಬೇರೆ ಸಾರ್."

"ಕೊಡೋದು ಕಷ್ಟದ ಕೆಲಸ. ಕಟ್ಟೋದೇನು, ಎರಡು ಸ್ಕ್ರೂ."

ಪಾಪಯ್ಯ ಸೈಕಲ್ಲಿನ ಬೆಲ್ಲನ್ನು ಒಮ್ಮೆ ಒರೆಸಿದರು. "ಆಯ್ತು ಸಾರ್. ನೀವಾಗೇ ಕರೆದ್ರೆ ಬರ್ತೀನಿ. ಕರೆಯದೆ ನಿಮ್ಮ ಬೋರ್ಡಿಗೆ ಕೈ ಹಾಕಲ್ಲ."

ಅಕ್ಟೋಬರ್ ಇಪ್ಪತ್ತೆಂಟು, ಗುರುವಾರ. ಉಪೇಂದ್ರರು ರಜೆ ಹಾಕಿದರು. ಎಸ್.ಪಿ. ರೋಡಿಗೆ ಹೋಗಿ ಅತ್ಯುತ್ತಮ ತಾಮ್ರದ ವೈರು, ಬಿಳಿಯ ಪೈಪು, ಹದಿನೈದು ಆಂಪಿಯರಿನ ದಪ್ಪ ಸಾಕೆಟ್ಟು, ಎಲ್ಲ ತಂದಿದ್ದರು. ರಬ್ಬರ್ ಚಪ್ಪಲಿ ಮೆಟ್ಟಿ, ಮರದ ಹಲಗೆಯ ಮೇಲೆ ನಿಂತರು. ಅಮ್ಮಣ್ಣಿ ಮೇನ್ ಬೋರ್ಡಿನ ಫ್ಯೂಸ್ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡು, "ನೀವು ಕೆಳಗಿಳಿದು ಬಂದು ನನ್ನೆದುರು ಕಾಫಿ ಕುಡಿಯೋವರೆಗೂ ಇದನ್ನ ಹಾಕಲ್ಲ," ಎಂದುಬಿಟ್ಟರು. ಹೀಗಾಗಿ ಪ್ರಾಣಾಪಾಯದ ಮಾತೇ ಇರಲಿಲ್ಲ.

ಸಂಜೆಯ ಹೊತ್ತಿಗೆ ನಾವೆಲ್ಲ ಹೋಗಿ ನೋಡಿದೆವು. ಸತ್ಯವನ್ನೇ ಹೇಳಬೇಕೆಂದರೆ ಅಷ್ಟು ಅಂದವಾದ ವೈರಿಂಗು ನಮ್ಮ ಬಡಾವಣೆಯಲ್ಲಿ ಬೇರೊಂದಿರಲಿಲ್ಲ. ಪೈಪುಗಳು ಗೆರೆ ಎಳೆದಂತೆ ನೆಟ್ಟಗೆ. ಅಡಿಗೊಂದು ಕ್ಲಾಂಪು. ಪ್ರತಿಯೊಂದು ವೈರಿಗೂ ದಾರದಲ್ಲಿ ಕಟ್ಟಿದ ಚೀಟಿ, ಚೀಟಿಯ ಮೇಲೆ ನಂಬರು. ಅದರಲ್ಲಿ ಕರೆಂಟು ಸರಿಯಾಗಿ ಹರಿಯುವುದಿಲ್ಲ ಎಂಬ ಒಂದು ವಿಷಯವನ್ನು ಬಿಟ್ಟರೆ ಕೊರತೆಯೇ ಇರಲಿಲ್ಲ.

ಆದದ್ದು ಇಷ್ಟೇ. ಶೆಡ್ಡಿಗೆ ಎಲ್ಲಿಂದಾದರೂ ಕರೆಂಟು ತರಬೇಕಲ್ಲ. ಹತ್ತಿರದಲ್ಲಿದ್ದದ್ದು ವರಾಂಡದ ಬೋರ್ಡು. ಅದರಲ್ಲಿ ಗೇಟಿನ ದೀಪದ ಸ್ವಿಚ್ಚು. ಉಪೇಂದ್ರರು ಅದನ್ನು ಬಿಚ್ಚಿ ನೋಡಿದರು. ಎರಡು ಸ್ಕ್ರೂ, ಎರಡು ವೈರು. ಒಂದು ಕರೆಂಟು ಬರುವುದು, ಇನ್ನೊಂದು ಹೋಗುವುದು, ಇದರಲ್ಲಿ ಸಂಶಯವೇನು ಎಂದುಕೊಂಡು ಶೆಡ್ಡಿನ ಕೆಂಪು ವೈರನ್ನು ಒಂದಕ್ಕೂ ಕಪ್ಪು ವೈರನ್ನು ಇನ್ನೊಂದಕ್ಕೂ ಬಿಗಿದರು.

ಕಾಫಿ ಕುಡಿದಾಯಿತು. ಅಮ್ಮಣ್ಣಿ ಫ್ಯೂಸು ಹಾಕಿದರು. ಉಪೇಂದ್ರರು ಶೆಡ್ಡಿನ ಹೊಸ ಸ್ವಿಚ್ಚು ಒತ್ತಿದರು. ಶೆಡ್ಡಿನ ಬಲ್ಬು ಕೆಂಪಗೆ, ಜ್ವರ ಬಂದವನ ಕಣ್ಣಿನಂತೆ ಹತ್ತಿತು. ಅದೇ ಹೊತ್ತಿಗೆ, ಯಾರೂ ಹಾಕದೆಯೇ ಗೇಟಿನ ದೀಪವೂ ಕೆಂಪಗೆ ಹತ್ತಿತು.

"ಇದ್ಯಾಕ್ರೀ ಗೇಟಿಂದೂ ಹತ್ಕೊಂತು?" ಎಂದರು ಅಮ್ಮಣ್ಣಿ.

ಉಪೇಂದ್ರರು ವರಾಂಡಕ್ಕೆ ಹೋಗಿ ಗೇಟಿನ ಸ್ವಿಚ್ಚು ಒತ್ತಿದರು. ಗೇಟಿನ ದೀಪ ಪ್ರಖರವಾಗಿ ಉರಿಯಿತು, ಶೆಡ್ಡಿನ ದೀಪ ಪೂರ್ತಿ ಆರಿತು. ಗೇಟಿನದನ್ನು ಆರಿಸಿದರೆ ಮತ್ತೆ ಎರಡೂ ಕೆಂಪಗೆ. ಅವರು ಎರಡು ನಿಮಿಷ ಕಣ್ಣುಮುಚ್ಚಿ ನಿಂತು, ಬಳಿಕ ಗಂಭೀರವಾಗಿ ನುಡಿದರು.

"ಲೋ ವೋಲ್ಟೇಜು."

"ಅಂದ್ರೆ?"

"ನಮ್ಮನೆಗೆ ಬರ್ತಿರೋ ಕರೆಂಟು ಒಂದು ದೀಪಕ್ಕೆ ಮಾತ್ರ ಸಾಕಾಗುತ್ತೆ. ಎರಡಕ್ಕೆ ಹಂಚಿದ್ರೆ ಇಬ್ಬರಿಗೂ ಅರೆಹೊಟ್ಟೆ."

ಆ ಕಾಲದ ಬೆಂಗಳೂರಿನಲ್ಲಿ ಇದಕ್ಕಿಂತ ನಂಬಲರ್ಹವಾದ ಮಾತು ಇನ್ನೊಂದಿರಲಿಲ್ಲ. ಮಳೆ ಬರದಿದ್ದರೂ, ಬಸ್ಸು ತಡವಾದರೂ ತಪ್ಪನ್ನು ವೋಲ್ಟೇಜಿನ ಮೇಲೆ ಹಾಕುತ್ತಿದ್ದ ಕಾಲ ಅದು.

ರುದ್ರಮ್ಮ ಕಾಂಪೌಂಡಿನ ಆಚೆಯಿಂದಲೇ ಕೇಳಿಸಿಕೊಂಡರು. "ಅದಕ್ಕೇ ನೋಡು ಅಮ್ಮಣ್ಣಿ, ನಮ್ಮನೆ ಮಿಕ್ಸಿ ಸರಿಯಾಗಿ ತಿರುಗ್ತಿಲ್ಲ. ಹೋದ ವಾರ ಇಡ್ಲಿ ಕಲ್ಲಾಗಿತ್ತು. ನಮ್ಮವರು ನನ್ನ ಬೈದ್ರು."

ಶುಕ್ರವಾರ ಉಪೇಂದ್ರರು ಇನ್ನೊಂದು ಪ್ರಯೋಗ ಮಾಡಿದರು. ಗೇಟಿಗೆ ಅರವತ್ತರ ಬದಲು ನೂರರ ಬಲ್ಬು ಹಾಕಿದರೆ ಶೆಡ್ಡು ಇನ್ನಷ್ಟು ಬೆಳಗಿತು. ಇನ್ನೂರು ವಾಟಿನದು ಹಾಕಿದರೆ ಶೆಡ್ಡು ಮದುವೆಮನೆಯಂತಾಯಿತು. ಗೇಟಿನಲ್ಲಿ ದೊಡ್ಡ ಬಲ್ಬು ಹಾಕಿದಷ್ಟೂ ಅದು ಕಂಬದಿಂದ ಕರೆಂಟನ್ನು ನಮ್ಮನೆ ಕಡೆಗೆ ಎಳೆಯುತ್ತದೆ ಎಂಬ ಹೊಸ ಸಿದ್ಧಾಂತ ಹುಟ್ಟಿತು. ಅದನ್ನು ಕೇಳಲು ಇರಣ್ಣ ಸ್ವತಃ ಬಂದರು.

"ಅಂದ್ರ ದೊಡ್ಡ ಬಲ್ಬು ಹಾಕಿದವರ ಮನೀಗೆ ಜಾಸ್ತಿ ಕರೆಂಟ್ ಹೊಂಟೈತಿ ಅನ್ರಿ?"

"ನೋಡ್ತಿದೀರಲ್ಲ, ಕಣ್ಣೆದುರಿಗಿದೆ."

"ಹಂಗಾರ ಇದು ಒಬ್ಬರ ವಿಷಯ ಅಲ್ಲರೀ ಉಪೇಂದ್ರರ. ಸಾರ್ವಜನಿಕ ವಿಷಯ."

ಸಾರ್ವಜನಿಕ ಎಂಬ ಮಾತು ಬಂತೆಂದರೆ ಇರಣ್ಣನ ಜೇಬಿನಿಂದ ಪೆನ್ನು ತಾನಾಗಿ ಹೊರಬರುತ್ತದೆ. ರಾತ್ರಿ ಊಟದ ಹೊತ್ತಿಗೆ ಒಂದು ಮನವಿಪತ್ರ ಸಿದ್ಧವಾಯಿತು. ‘ವೋಲ್ಟೇಜ್ ಅಭಾವದಿಂದ ನಲುಗುತ್ತಿರುವ ನಾಗರಿಕರು’ ಎಂದು ಶುರುವಾಗಿ, ಹೊಸ ಟ್ರಾನ್ಸ್‌ಫಾರ್ಮರ್ ಬೇಕೆಂದು ಕೇಳಿ, ‘ಲೈನ್‌ಮನ್ ಗಂಗಪ್ಪನವರ ನಿರ್ಲಕ್ಷ್ಯವನ್ನು ತಮ್ಮ ಗಮನಕ್ಕೆ ತರುತ್ತ’ ಎಂದು ಮುಗಿಯುತ್ತಿತ್ತು. ಮೊದಲ ಸಹಿ ಉಪೇಂದ್ರರದು. ಸಹಿ ಹಾಕಲು ಬಂದವರೆಲ್ಲ ತಮ್ಮ ತಮ್ಮ ಮನೆಯ ಕಷ್ಟವನ್ನೂ ಸೇರಿಸಿದರು. ಒಬ್ಬರ ಟೀವಿಯಲ್ಲಿ ಎಲ್ಲರೂ ಕುಳ್ಳಗೆ ಕಾಣುತ್ತಿದ್ದರು. ಒಬ್ಬರ ಇಸ್ತ್ರಿಪೆಟ್ಟಿಗೆ ಬಲತೋಳನ್ನು ಮಾತ್ರ ಸರಿಯಾಗಿ ಒತ್ತುತ್ತಿತ್ತು. ಶೆಡ್ಡಿನಲ್ಲಿ ಹಸು ಕಟ್ಟಿದ್ದವರು, ಹಾಲು ಕಡಿಮೆಯಾದದ್ದಕ್ಕೂ ಇದೇ ಇರಬಹುದೇ ಎಂದು ಕೇಳಿ, ಸ್ವಲ್ಪ ಯೋಚಿಸಿ, ಬೇಡ ಬಿಡಿ ಎಂದರು.

ಶನಿವಾರ ಗಂಗಪ್ಪ ಬಂದ. ಮಾಗಡಿ ಕಡೆಯವನು, ಸೈಕಲ್ಲಿನಲ್ಲಿ ಏಣಿ ಕಟ್ಟಿಕೊಂಡು ಓಡಾಡುವ ಬಡಕಲು ಮನುಷ್ಯ. ಕಂಬ ಹತ್ತಿ ನೋಡಿ ಇಳಿದು, "ಲೈನು ಸರ್ಯಾಗೈತೆ ಸಾ," ಎಂದ.

"ಸರಿಯಾಗಿದ್ರೆ ಒಂದು ದೀಪ ಹಾಕಿದ್ರೆ ಇನ್ನೊಂದು ಯಾಕಯ್ಯಾ ಆರುತ್ತೆ?" ಎಂದರು ಉಪೇಂದ್ರರು.

ಗಂಗಪ್ಪ ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಇಂಥ ಪ್ರಶ್ನೆ ಕೇಳಿರಲಿಲ್ಲ. "ಅಂಗೆಲ್ಲ ಆಗಾಕಿಲ್ಲ ಸಾ. ನಿಮ್ಮನೆ ಬೋರ್ಡು ಬಿಚ್ಚಿ ತೋರ್ಸಿ."

"ಬೋರ್ಡು ನಾನು ಮಾಡಿರೋದು. ಅದರಲ್ಲಿ ನೋಡೋದೇನೂ ಇಲ್ಲ."

ಗಂಗಪ್ಪ ತಲೆ ಕೆರೆದುಕೊಂಡು ಏಣಿ ಕಟ್ಟಿದ. ಅವನು ಹೋಗುವಾಗ ರುದ್ರಮ್ಮ ಎಲ್ಲರಿಗೂ ಕೇಳುವಂತೆ, "ನೋಡಿದ್ರಾ ನಿರ್ಲಕ್ಷ್ಯ?" ಎಂದರು. ಆ ಪದವನ್ನು ಅವರು ಹಿಂದಿನ ರಾತ್ರಿ ಮನವಿಪತ್ರದಲ್ಲಿ ಓದಿದ್ದರು, ಬಳಸಲು ಕಾಯುತ್ತಿದ್ದರು.

ಭಾನುವಾರ ಬೆಳಿಗ್ಗೆ ಕೊಯಮತ್ತೂರಿನ ಗ್ರೈಂಡರ್ ಟೆಂಪೋದಲ್ಲಿ ಬಂತು. ಆರು ಜನ ಹಿಡಿದು ಇಳಿಸಿ ಶೆಡ್ಡಿನಲ್ಲಿಟ್ಟೆವು. ಮರುದಿನವೇ ರಾಜ್ಯೋತ್ಸವ. ಅಮ್ಮಣ್ಣಿ ಹದಿನೈದು ಸೇರು ಅಕ್ಕಿ, ನಾಲ್ಕು ಸೇರು ಉದ್ದು ನೆನೆಹಾಕಿದರು. ಮನೆಯ ಪಾತ್ರೆ ಸಾಲದೆ ತೊಟ್ಟಿಲ ಪಕ್ಕದಲ್ಲಿದ್ದ ಸ್ನಾನದ ಹಂಡೆಯನ್ನೂ ಬೆಳಗಿ ಅದರಲ್ಲಿ ಹಾಕಿದ್ದರು. ಸಂಜೆ ಆರರೊಳಗೆ ರುಬ್ಬಿ ಮುಗಿದರೆ ರಾತ್ರಿಯೆಲ್ಲ ಹುದುಗಲು ಹೊತ್ತು ಸಿಗುತ್ತದೆ. ಇಲ್ಲದಿದ್ದರೆ ದೋಸೆ ಇಲ್ಲ.

ನಾಲ್ಕು ಗಂಟೆಗೆ ಗ್ರೈಂಡರಿಗೆ ಅರಿಶಿನ ಕುಂಕುಮ ಹಚ್ಚಿ, ಕರ್ಪೂರ ಬೆಳಗಿ, ಮೊದಲ ಪಾತ್ರೆ ಅಕ್ಕಿ ಸುರಿದು, ಅಮ್ಮಣ್ಣಿಯೇ ಸ್ವಿಚ್ಚು ಒತ್ತಿದರು.

ಗ್ರೈಂಡರು ‘ಕುಂಯ್’ ಎಂದಿತು. ಅಷ್ಟೇ. ಕಲ್ಲು ಕದಲಲಿಲ್ಲ. ಗೇಟಿನಲ್ಲಿ ಇನ್ನೂರು ವಾಟಿನ ದೀಪ ಹಾಡುಹಗಲಲ್ಲಿ ಧಗ್ಗನೆ ಹೊತ್ತಿಕೊಂಡಿತು.

ಆರಿಸಿದರು. ಗೇಟಿನ ದೀಪ ಆರಿತು. ಒತ್ತಿದರು. ಕುಂಯ್. ಗೇಟಿನ ದೀಪ ಧಗ್ಗೆಂದಿತು.

"ಕರೆಂಟು ಗೇಟಿನ ತನಕ ಹೋಗಿ ಬರೋಷ್ಟರಲ್ಲಿ ಸುಸ್ತಾಗ್ತಿದೆ ಕಣೇ," ಎಂದರು ಉಪೇಂದ್ರರು. ಆ ವಾರದಲ್ಲಿ ಅವರು ಆಡಿದ ಮಾತುಗಳಲ್ಲಿ ಅಕ್ಷರಶಃ ನಿಜವಾಗಿದ್ದದ್ದು ಇದೊಂದೇ. ಆದರೆ ಅದು ಅವರಿಗೂ ತಿಳಿಯಲಿಲ್ಲ, ನಮಗೂ ತಿಳಿಯಲಿಲ್ಲ.

ಅಮ್ಮಣ್ಣಿ ಬೈಯಲಿಲ್ಲ. ನೆನೆದ ಅಕ್ಕಿಯೊಳಗೆ ಕೈಯಾಡಿಸುತ್ತ ಕೂತುಬಿಟ್ಟರು. ಬೈದಿದ್ದರೆ ಉಪೇಂದ್ರರಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಸುದ್ದಿ ಹರಡಿ ಹೆಂಗಸರು ಬಂದರು. ರುದ್ರಮ್ಮ, "ಒಂದೊಂದು ಮನೆಗೆ ಅರ್ಧರ್ಧ ಸೇರು ಹಂಚಿಬಿಡು ಅಮ್ಮಣ್ಣಿ. ನಮ್ಮ ನಮ್ಮ ಮಿಕ್ಸೀಲಿ ರುಬ್ಬಿ ಕೊಡ್ತೀವಿ," ಎಂದರು.

"ಅದು ನಲವತ್ತೆರಡು ಮನೆ ಹಿಟ್ಟಾಗುತ್ತೆ ರುದ್ರಮ್ಮ. ನಾನು ಕೊಡ್ತೀನಿ ಅಂತ ಸಭೇಲಿ ಅಂದಿದೀನಿ."

ರುದ್ರಮ್ಮ ಆಕಾಶ ನೋಡಿದರು, ಕಂಬ ನೋಡಿದರು, ಕಂಬದಿಂದ ಒಂದೊಂದು ಮನೆಗೂ ಹೋಗಿದ್ದ ತಂತಿಗಳನ್ನು ನೋಡಿದರು. ಬಳಿಕ ಸೊಂಟಕ್ಕೆ ಸೆರಗು ಸಿಕ್ಕಿಸಿದರು.

"ಹಾಗಾದ್ರೆ ಒಂದು ಕೆಲಸ ಮಾಡೋಣ. ನಾವೆಲ್ಲ ಮೇನ್ ಆರಿಸಿಬಿಡೋಣ. ನಮ್ಮ ಪಾಲಿನ ಕರೆಂಟೂ ಇವಳಿಗೇ ಬರ್ಲಿ."

ಅದು ಭಾನುವಾರ ಸಂಜೆ ಎಂಬುದನ್ನು ಓದುಗರು ಗಮನಿಸಬೇಕು. ಟೀವಿಯಲ್ಲಿ ವಾರಕ್ಕೊಮ್ಮೆ ಬರುವ ಕನ್ನಡ ಸಿನಿಮಾ ನಡೆಯುತ್ತಿತ್ತು. ಚಿಕ್ಕಂದಿನಲ್ಲಿ ಜಾತ್ರೆಯಲ್ಲಿ ಕಳೆದುಹೋದ ಮಗ ಇನ್ಸ್‌ಪೆಕ್ಟರಾಗಿ ಬಂದು, ಗೊತ್ತಿಲ್ಲದೆ ತನ್ನ ತಾಯಿಯನ್ನೇ ಬಂಧಿಸಲು ಬಾಗಿಲು ತಟ್ಟುತ್ತಿದ್ದ. ಆ ಗಳಿಗೆಯಲ್ಲಿ ಇರಣ್ಣ ಬೀದಿಯುದ್ದಕ್ಕೂ ಸ್ಟೀಲ್ ತಟ್ಟೆ ಬಡಿಯುತ್ತ ಬಂದರು.

"ಎಲ್ಲಾರೂ ಮೇನ್ ಬಂದ್ ಮಾಡ್ರಿ. ನಾಳಿ ದೋಸೆ ಬೇಕಂದ್ರ ಬಂದ್ ಮಾಡ್ರಿ. ಟೀವಿನೂ ಬಂದ್, ಫ್ರಿಜ್ಜೂ ಬಂದ್. ಒಳಗ ಕುಂತು ಸುಳ್ಳ ಹೇಳಬ್ಯಾಡ್ರಿ, ನನಗ ಸಿನಿಮಾ ಕೇಳಸಾಕತ್ತೈತಿ."

ಮನುಷ್ಯಕುಲದ ಬಗ್ಗೆ ಬೇಸರಪಡುವವರು ಆ ಸಂಜೆ ನಮ್ಮ ಬೀದಿಗೆ ಬರಬೇಕಿತ್ತು. ಒಂದೊಂದೇ ಮನೆಯಲ್ಲಿ ಮಾತು ನಿಂತಿತು, ಫ್ಯಾನು ನಿಂತಿತು. ಇನ್ಸ್‌ಪೆಕ್ಟರು ಬಾಗಿಲಲ್ಲೇ ಉಳಿದ. ಹಸುವಿನ ಶೆಡ್ಡಿನ ಬಲ್ಬು ಕೂಡ ಆರಿತು. ಮೋಡ ಕವಿದಿದ್ದರಿಂದ ಐದೂವರೆಗೇ ಬೀದಿ ಮಬ್ಬಾಯಿತು. ನಲವತ್ತೊಂದು ಮನೆಯ ಜನ ಉಪೇಂದ್ರರ ಗೇಟಿನ ಮುಂದೆ ಬಂದು ನಿಂತೆವು. ಯಾರೋ ಕೆಮ್ಮಿದರೆ ಪಕ್ಕದವರು ಸುಮ್ಮನಿರಿ ಎಂದರು.

"ಒತ್ತು ಅಮ್ಮಣ್ಣಿ," ಎಂದರು ರುದ್ರಮ್ಮ.

ಕುಂಯ್.

ಗೇಟಿನ ದೀಪ ಹಿಂದೆಂದಿಗಿಂತಲೂ ಪ್ರಕಾಶವಾಗಿ ಬೆಳಗಿ, ಅಷ್ಟೂ ಜನರ ಮುಖಗಳನ್ನು ಸ್ಪಷ್ಟವಾಗಿ ತೋರಿಸಿತು. ಎಲ್ಲ ಮುಖಗಳೂ ಉಪೇಂದ್ರರ ಕಡೆ ತಿರುಗಿದ್ದವು.

ಅಷ್ಟರಲ್ಲಿ ಸೈಕಲ್ಲಿನ ಬೆಲ್ಲಾಯಿತು. ಗಂಗಪ್ಪ.

"ಏನ್ ಸಾ ಇದು, ಬೀದಿಗೆ ಬೀದಿನೇ ಕತ್ಲೆ, ನಿಮ್ಮನೆ ಗೇಟ್ನಾಗೆ ಮಾತ್ರ ಸೂರ್ಯ ಉಟ್ಟವ್ನೆ?"

ಸಿನಿಮಾ ಕಳೆದುಕೊಂಡ ಸಿಟ್ಟೆಲ್ಲ ಅವನ ಮೇಲೆ ತಿರುಗಿತು. ರುದ್ರಮ್ಮ, "ಬಾರಪ್ಪ ಬಾ. ಇಷ್ಟು ಜನ ಕತ್ತಲಲ್ಲಿ ಕೂತರೂ ಒಂದು ಗ್ರೈಂಡರಿಗೆ ಸಾಲದ ಕರೆಂಟು ಕೊಡ್ತೀಯಲ್ಲ, ನಿನಗೆ ನಾಚಿಕೆ ಆಗಲ್ವಾ?" ಎಂದರು. ಇರಣ್ಣ ಜೇಬಿನಿಂದ ಮನವಿಪತ್ರ ತೆಗೆದು, ಗೇಟಿನ ದೀಪದ ಬೆಳಕಿನಲ್ಲಿ ಗಂಗಪ್ಪನ ಹೆಸರಿದ್ದ ಸಾಲನ್ನೇ ಎರಡು ಸಲ ಓದಿದರು.

ಗಂಗಪ್ಪನ ಮುಖ ಇಳಿದುಹೋಯಿತು. "ಮುಂದಿನ್ ತಿಂಗ್ಳು ನಂಗೆ ಪ್ರಮೋಷನ್ ಐತೆ ಸಾ. ಇದೊಂದ್ ಕಾಗ್ದ ಮ್ಯಾಕ್ಕೋದ್ರೆ ಮುಗೀತು. ಮೀಟರ್‌ತಾವ ನೋಡ್ಬುಡ್ತೀನಿ, ತಡೀರಿ." ಮೀಟರಿನ ಹತ್ತಿರ ತನ್ನ ಪರೀಕ್ಷೆಯ ಬಲ್ಬು ಹಿಡಿದ. ಅದು ಪೂರ್ತಿ ಬೆಳಗಿತು. "ನೋಡಿ, ಬತ್ತಾ ಐತಲ್ಲ. ಇಲ್ಲೀಗಂಟ ನಂದು. ಇಲ್ಲಿಂದಾಚೆ ನಿಮ್ದು."

ಆಗ ಅಮ್ಮಣ್ಣಿ ಶೆಡ್ಡಿನಿಂದ ಹೊರಗೆ ಬಂದರು. ಗುಂಪಿನ ಹಿಂದೆ ಕೈಕಟ್ಟಿ ನಿಂತಿದ್ದ ಪಾಪಯ್ಯನನ್ನು ನೋಡಿ, "ಪಾಪಯ್ಯಣ್ಣ, ಒಂದು ಸಲ ಬಂದು ನೋಡಿ," ಎಂದರು.

"ಸಾರ್ ಕರೆದ್ರೆ ಬರ್ತೀನಿ ಅಂದಿದೀನಿ ಅಕ್ಕ."

ಬೀದಿಯೆಲ್ಲ ಕಾಯಿತು. ಉಪೇಂದ್ರರು ಪೈಪನ್ನು ನೋಡಿದರು, ಕ್ಲಾಂಪುಗಳನ್ನು ನೋಡಿದರು, ಕೊನೆಗೆ ಹೆಂಡತಿಯ ಅಂಗೈ ನೋಡಿದರು. ನೆನೆದ ಅಕ್ಕಿಯಲ್ಲಿ ಆಡಿಸಿ ಆಡಿಸಿ ಅದು ಬೆಳ್ಳಗೆ ಸುಕ್ಕುಗಟ್ಟಿತ್ತು.

"ಬನ್ನಿ ಪಾಪಯ್ಯ," ಎಂದರು.

ಪಾಪಯ್ಯ ಫ್ಯೂಸು ಕೀಳಿಸಿ, ವರಾಂಡದ ಬೋರ್ಡು ಬಿಚ್ಚಿ, ಗಂಗಪ್ಪನ ಟಾರ್ಚಿನಲ್ಲಿ ಒಂದೇ ಸಲ ನೋಡಿದರು. ಉಪೇಂದ್ರರ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು. "ಎರಡು ವೈರನ್ನೂ ಸ್ವಿಚ್ಚಿನಿಂದಲೇ ತಗೊಂಡಿದೀರಿ ಸಾರ್. ಸ್ವಿಚ್ಚಿಗೆ ಕರೆಂಟು ಬರೋ ದಾರಿ ಮಾತ್ರ ಇರೋದು. ವಾಪಸ್ ಹೋಗೋ ನ್ಯೂಟ್ರಲ್ಲು ಇಲ್ಲಿಲ್ಲ. ಹಾಗಾಗಿ ಗ್ರೈಂಡರಿನ ಕರೆಂಟು ಗೇಟಿನ ಬಲ್ಬಿನೊಳಗೆ ತೂರ್ಕೊಂಡು ವಾಪಸ್ ಹೋಗ್ಬೇಕು. ಹೆಬ್ಬಾಗಿಲು ಬಿಟ್ಟು ಸೂಜಿ ಕಣ್ಣಲ್ಲಿ ಆನೆ ತೂರಿಸ್ತಿದೀರಿ."

"ಬಲ್ಬು ದೊಡ್ಡದು ಹಾಕಿದಾಗ..."

"ಸೂಜಿ ದೊಡ್ಡದಾಯ್ತು, ಅಷ್ಟೆ."

ಪಾಪಯ್ಯ ಇಪ್ಪತ್ತು ವರ್ಷದಿಂದ ಕಾದಿದ್ದ ಗಳಿಗೆ ಅದು. ಎದುರಿಗೆ ಕಾರ್ಖಾನೆಯ ಅರ್ಧ ಜನ ನಿಂತಿದ್ದರು. ಪಾಪಯ್ಯ ಅವರ ಕಡೆ ತಿರುಗಿ, ದೊಡ್ಡ ದನಿಯಲ್ಲಿ ಹೇಳಿದರು. "ಏನಿಲ್ಲ, ಒಂದು ಸ್ಕ್ರೂ ಸಡಿಲ ಆಗಿತ್ತು. ಹತ್ತು ನಿಮಿಷ ಕೊಡಿ."

ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಇರಣ್ಣ ಪೆನ್ನಿನ ಟೋಪಿ ತೆಗೆದರು. "ವೋಲ್ಟೇಜ್ ಏರಿಳಿತದಿಂದ ಸ್ಕ್ರೂ ಸಡಿಲಾತು. ಇದನ್ನೂ ಸೇರಸ್ತೀನ್ರಿ. ಗಂಗಪ್ಪ, ಇದಕ್ಕೂ ನೀನ ಜವಾಬ್ದಾರಿ."

ಗಂಗಪ್ಪ ಸೈಕಲ್ ಸ್ಟ್ಯಾಂಡು ತೆಗೆದ.

"ಇರಣ್ಣನೋರೆ, ಬರೀಬೇಡಿ," ಎಂದರು ಉಪೇಂದ್ರರು. "ಗಂಗಪ್ಪಂದು ತಪ್ಪಿಲ್ಲ. ಕಂಬದ್ದೂ ತಪ್ಪಿಲ್ಲ. ವೋಲ್ಟೇಜು ಯಾವತ್ತೂ ಕಮ್ಮಿ ಇರ್ಲಿಲ್ಲ. ನಾನು ತಪ್ಪಾಗಿ ಕಟ್ಟಿದೀನಿ. ಸ್ಕ್ರೂ ಕೂಡ ಸಡಿಲ ಇಲ್ಲ. ಅದನ್ನ ಮಾತ್ರ ಭದ್ರವಾಗೇ ಬಿಗಿದಿದೀನಿ."



ಮೊದಲು ರುದ್ರಮ್ಮ ಕೇಳಿದರು. "ಹಾಗಾದ್ರೆ ನಮ್ಮನೆ ಇಡ್ಲಿ ಯಾಕೆ ಕಲ್ಲಾಯ್ತು?"

"ಅದು ನನಗೆ ಗೊತ್ತಿಲ್ಲ ರುದ್ರಮ್ಮನೋರೆ."

"ಆ ಇನ್ಸ್‌ಪೆಕ್ಟರಿಗೆ ತಾಯಿ ಸಿಕ್ಕಿದ್ಲೋ ಇಲ್ಲೋ, ಅದನ್ನರ ಯಾರಾರ ಹೇಳ್ರಿ," ಎಂದರು ಇರಣ್ಣ. ಎಲ್ಲರೂ ಒಮ್ಮೆಗೇ ನಕ್ಕುಬಿಟ್ಟರು. ಗಂಗಪ್ಪ ಸೈಕಲ್ಲಿಗೆ ಮತ್ತೆ ಸ್ಟ್ಯಾಂಡು ಹಾಕಿದ. ಇರಣ್ಣ ಮನವಿಪತ್ರವನ್ನು ಹರಿಯಲಿಲ್ಲ. ಒಳ್ಳೆಯ ಕಾಗದ, ಹಿಂಬದಿ ಖಾಲಿ ಇತ್ತು, ಅದರಲ್ಲಿ ಮರುದಿನದ ಭಾಷಣಕಾರರ ಪಟ್ಟಿ ಬರೆದುಕೊಂಡರು.

ಪಾಪಯ್ಯ ಮೇನ್ ಬೋರ್ಡಿನಿಂದಲೇ ಹೊಸ ಲೈನು ಎಳೆದರು. ಉಪೇಂದ್ರರು ಹಲಗೆಯ ಪಕ್ಕ ನಿಂತು, ಕೇಳಿದ್ದನ್ನು ಕೇಳಿದ ಕೂಡಲೇ ಕೈಗೆ ಕೊಟ್ಟರು. ಏನನ್ನೂ ವಾಪಸು ಕೇಳಲಿಲ್ಲ. ಆರೂಕಾಲಿಗೆ ಅಮ್ಮಣ್ಣಿ ಸ್ವಿಚ್ಚು ಒತ್ತಿದರು. ಗ್ರೈಂಡರು ಗುಡುಗಿ, ಕಲ್ಲು ಗರ್ರನೆ ತಿರುಗಿತು. ಗೇಟಿನ ದೀಪ ತನಗೇನೂ ಸಂಬಂಧವಿಲ್ಲವೆಂಬಂತೆ ಆರಿಯೇ ಇತ್ತು. ಯಾರೂ ಮನೆಗೆ ಹೋಗಲಿಲ್ಲ. ಸಿನಿಮಾ ಹೇಗೂ ಮುಗಿದಿತ್ತು. ಮೊದಲ ಪಾತ್ರೆ ಹಿಟ್ಟು ಇಳಿಯುವ ತನಕ ನಿಂತು ನೋಡಿದೆವು. ಅಮ್ಮಣ್ಣಿ ಕಲ್ಲನ್ನು ವಾಲಿಸಿದಾಗ ಬೆಳ್ಳನೆಯ ಹಿಟ್ಟು ಪಾತ್ರೆಯೊಳಗೆ ನಿಧಾನವಾಗಿ ಜಾರಿತು, ಅದನ್ನು ನೋಡಿ ಹಸುವಿನ ಮನೆಯವರು ಕೂಡ, ಹಾಲಿಗಿಂತ ಚೆನ್ನಾಗಿದೆ ಎಂದರು.

ಹಿಟ್ಟು ಹುದುಗಲು ಹೊತ್ತು ಸಾಲುತ್ತದೋ ಇಲ್ಲವೋ ಎಂಬ ಅಳುಕಿತ್ತು. ನಮ್ಮ ಪುಣ್ಯಕ್ಕೆ ಆ ರಾತ್ರಿ ಮೋಡದ ಸೆಕೆ. ಬೆಳಿಗ್ಗೆ ಎಂಟಕ್ಕೆ ಬಾವುಟ ಹಾರಿತು. ಮೈದಾನದ ಮೂಲೆಯಲ್ಲಿ ಮೂರು ಕಾವಲಿ. ದೋಸೆ ಹುಯ್ಯಲು ಪಾಪಯ್ಯ ಮತ್ತು ಗಂಗಪ್ಪ ನಿಂತರು. ಇಪ್ಪತ್ತಮೂರು ವರ್ಷದ ಸಂಸಾರದಲ್ಲಿ ಮೊದಲ ಬಾರಿಗೆ ಅಮ್ಮಣ್ಣಿ ಕುರ್ಚಿಯ ಮೇಲೆ ಕೂತು, ಬೇರೆಯವರು ಹುಯ್ದ ದೋಸೆಯನ್ನು ಬಿಸಿಬಿಸಿ ತಿಂದರು. ಬಂದವರೆಲ್ಲ ದೋಸೆ ಹಿಡಿದುಕೊಂಡೇ ಆಕೆಯ ಹತ್ತಿರ ಬಂದು, "ಇದಕ್ಕೆ ನಮ್ಮನೆ ಮೇನೂ ಆರ್ಸಿದ್ವಿ," ಎಂದು ಹೇಳಿ, ನಾಳೆಯಿಂದ ತಮಗೆಷ್ಟು ಹಿಟ್ಟು ಬೇಕೆಂದೂ ಹೇಳಿ ಹೋದರು. ಕತ್ತಲಲ್ಲಿ ನಿಂತು ಕಾದಿದ್ದರಿಂದ ಆ ಗ್ರೈಂಡರಿನಲ್ಲಿ ತಮಗೂ ಒಂದು ಪಾಲಿದೆ ಎಂದು ಇಡೀ ಬಡಾವಣೆಗೆ ಅನ್ನಿಸಿಬಿಟ್ಟಿತ್ತು. ಉಪೇಂದ್ರರು ಪಕ್ಕದ ಕುರ್ಚಿಯಲ್ಲಿ ಕೈಕಟ್ಟಿ, ಸಣ್ಣಗೆ ಕೂತಿದ್ದರು.

ಇರಣ್ಣ ಭಾಷಣಕ್ಕೆ ಎದ್ದರು. "ಮಾನ್ಯ ಕನ್ನಡಿಗರ," ಎನ್ನುವಷ್ಟರಲ್ಲಿ ಮೈಕು ಕಿರುಚಿ, ಗೊರಗೊರ ಎಂದು, ಸುಮ್ಮನಾಯಿತು. ಇರಣ್ಣ ಅದನ್ನು ಎರಡು ಸಲ ತಟ್ಟಿದರು. ಸಭೆಯಲ್ಲಿ ಗುಜುಗುಜು.

ಉಪೇಂದ್ರರ ಬೆನ್ನು ನೆಟ್ಟಗಾಯಿತು. ಕುತ್ತಿಗೆ ಉದ್ದವಾಯಿತು. "ವೈರು ಎಲ್ಲೋ ಸ್ವಲ್ಪ..." ಎನ್ನುತ್ತ ಅವರು ಕುರ್ಚಿಯಿಂದ ಅರ್ಧ ಎದ್ದಿದ್ದರು.

ಅಮ್ಮಣ್ಣಿ ಅವರ ಕಡೆ ತಿರುಗಿಯೂ ನೋಡಲಿಲ್ಲ. ತಟ್ಟೆಯಲ್ಲಿದ್ದ ದೋಸೆಯ ದೊಡ್ಡ ತುಂಡೊಂದನ್ನು ಮುರಿದು, ಚಟ್ನಿಯಲ್ಲಿ ಅದ್ದಿ, ನಲವತ್ತೆರಡು ಮನೆಯವರೂ ನೋಡುತ್ತಿರುವಂತೆಯೇ ಗಂಡನ ಬಾಯಿಗೆ ತುಂಬಿದರು. ಇನ್ನೊಂದು ಕೈಯಿಂದ ಅಂಗಿಯ ತುದಿ ಹಿಡಿದು ಕೂರಿಸಿದರು.

ಉಪೇಂದ್ರರು ಕೂತರು. ಅಗಿದರು. ಅವರ ಕಿವಿಗಳು ಬಾವುಟದ ಕೆಳಗಿನ ಪಟ್ಟಿಯಷ್ಟೇ ಕೆಂಪಗಾದವು.

ಆ ವರ್ಷದ ಭಾಷಣಗಳನ್ನೆಲ್ಲ ಮೈಕಿಲ್ಲದೆಯೇ ಮಾಡಲಾಯಿತು. ಎಲ್ಲರಿಗೂ ಚೆನ್ನಾಗಿ ಕೇಳಿಸಿತು.